ಸಹಿ ಮಾಡಿದ ಖಾಲಿ ಚೀಟಿಗಳು

ಆ ಡ್ರಾಯರನ್ನು ಯಾರೂ ಹುಡುಕಿ ತೆಗೆಯಲಿಲ್ಲ. ನಾನೇ ಎಳೆದು ತೋರಿಸಿದೆ. ಅದೂ ಎಂಥ ಖುಷಿಯಿಂದ ಅಂದರೆ, ಹಬ್ಬಕ್ಕೆ ತಂದ ಹೊಸ ಸೀರೆಯನ್ನು ಓಣಿಯ ಹೆಂಗಸರಿಗೆ ತೋರಿಸುವವಳ ಹಾಗೆ. ಇವತ್ತಿಗೂ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ನಮ್ಮದು ಸಣ್ಣ ಸಹಕಾರಿ ಬ್ಯಾಂಕು. ಲಕ್ಷ್ಮೇಶ್ವರದಲ್ಲಿ ಮುಖ್ಯ ಕಚೇರಿ. ಬೆಟಗೇರಿ, ಮುಂಡರಗಿ, ಶಿರಹಟ್ಟಿಗಳಲ್ಲಿ ಒಂದೊಂದು ಶಾಖೆ. ಶಿರಹಟ್ಟಿ ಶಾಖೆಯಲ್ಲಿ ನಾನೇ ಕ್ಲಾರ್ಕು, ನಾನೇ ಕ್ಯಾಶಿಯರು. ನನ್ನ ಬೆನ್ನ ಹಿಂದೆ ಗಾಜಿನ ಕೋಣೆಯಲ್ಲಿ ಮ್ಯಾನೇಜರು. ಊರೂರು ತಿರುಗಿ ದಿನದ ಪಿಗ್ಮಿ ಹಣ ಕೂಡಿಸಿಕೊಂಡು ಬರಲು ಹಳೇ ಸ್ಕೂಟರಿನ ಒಬ್ಬ ಹಿರಿಯರು. ಸುತ್ತಲಿನ ಹಳ್ಳಿಗಳೆಲ್ಲ ಅವರನ್ನು ಚಾಚಾ ಅಂತಲೇ ಕರೆಯುತ್ತಿದ್ದವು, ನಾನೂ ಹಾಗೇ ಕರೆಯುತ್ತಿದ್ದೆ. ಇಷ್ಟೇ ಮಂದಿ ಸೇರಿ ಇಡೀ ಶಾಖೆ ನಡೆಸುತ್ತಿದ್ದೆವು.

ಬ್ಯಾಂಕು ಒಮ್ಮೆಲೇ ಬೀಳಲಿಲ್ಲ. ಮೊದಲು ಮುಂಡರಗಿ ಶಾಖೆಗೆ ಬೀಗ ಬಿತ್ತು. ಡಂಬಳದ ಕಡೆಯ ಗಿರಾಕಿಗಳು ಕೆಲದಿನ ನಮ್ಮನ್ನು ಬೈದು, ಆಮೇಲೆ ದೊಡ್ಡ ಬ್ಯಾಂಕಿನಲ್ಲಿ ಖಾತೆ ತೆರೆದು ಸುಮ್ಮನಾದರು. ಬೆಟಗೇರಿಯಲ್ಲಿ ಒಂದೊಂದಾಗಿ ಮಗ್ಗ ನಿಂತಂತೆ ಸಾಲ ವಾಪಸು ಬರುವುದೂ ನಿಂತಿತು. ಹರೆಯದವರು ಚಹಾದ ರೊಕ್ಕವನ್ನೂ ಫೋನಿನಲ್ಲೇ ಕೊಡತೊಡಗಿದರು. ಹೊಸ ಕಂಪ್ಯೂಟರು ತರಿಸಿ, ಹೊಸ ನಿಯಮ ಪಾಲಿಸಿ ಅಂತ ಮೇಲಿನಿಂದ ಕಾಗದದ ಮೇಲೆ ಕಾಗದ ಬಂದವು. ಕೊನೆಗೆ ಲಕ್ಷ್ಮೇಶ್ವರದ ಹಿರಿಯರು ಕೈ ಚೆಲ್ಲಿದರು. ನಮ್ಮನ್ನು ಒಂದು ದೊಡ್ಡ ಬ್ಯಾಂಕಿನಲ್ಲಿ ವಿಲೀನ ಮಾಡುವುದೆಂದು ತೀರ್ಮಾನವಾಯಿತು.

ಇಷ್ಟೆಲ್ಲ ಆದರೂ ಶಿರಹಟ್ಟಿ ಶಾಖೆ ಮಾತ್ರ ಗಟ್ಟಿಯಾಗಿತ್ತು. ವರ್ಷವರ್ಷದ ಸಭೆಯಲ್ಲಿ ನಮ್ಮ ಶಾಖೆಗೇ ಚಪ್ಪಾಳೆ. ಕಡಿಮೆ ಖರ್ಚು, ಕಡಿಮೆ ಜನ, ಬೇಗ ಕೆಲಸ. ಎದುರಿಗಿನ ದೊಡ್ಡ ಬ್ಯಾಂಕಿನಲ್ಲಿ ಜನ ಊಟದ ಹೊತ್ತಿನ ತನಕ ಸಾಲಿನಲ್ಲಿ ನಿಂತಿರುವಾಗ ನಮ್ಮ ಕೌಂಟರಿನಲ್ಲಿ ನೊಣ ಓಡಾಡುತ್ತಿತ್ತು. ಕೆಲಸ ಇಲ್ಲ ಅಂತಲ್ಲ, ಕೆಲಸ ಮುಗಿದಿರುತ್ತಿತ್ತು. ಅದಕ್ಕೆ ಕಾರಣ ಆ ಡ್ರಾಯರು.

ಬೆಳ್ಳಟ್ಟಿಯಿಂದಲೋ ಬಾಳೆಹೊಸೂರಿನಿಂದಲೋ ಒಬ್ಬಳು ಹೆಣ್ಣುಮಗಳು ಎರಡು ಸಾವಿರ ತೆಗೆಯಲು ಬರಬೇಕಾದರೆ ಬಸ್ಸಿಗೆ ಕಾಯಬೇಕು, ಅರ್ಧ ದಿನದ ಕೂಲಿ ಬಿಡಬೇಕು. ಹೀಗಾಗಿ ನಮ್ಮಲ್ಲಿ ಒಂದು ರೂಢಿ ಬೆಳೆದಿತ್ತು. ಒಮ್ಮೆ ಬಂದಾಗ ಹಣ ತೆಗೆಯುವ ಚೀಟಿಗಳಲ್ಲಿ ಮೂರಕ್ಕೆ ಬರೀ ಸಹಿ ಮಾಡಿ ನನ್ನ ಕೈಗೆ ಕೊಟ್ಟು ಹೋಗುತ್ತಿದ್ದರು. ಬೇಕಾದಾಗ ಒಂದು ಫೋನು. ದನಿ ಕೇಳಿದರೆ ಯಾರೆಂದು ನನಗೆ ಗೊತ್ತಾಗುತ್ತಿತ್ತು. ನಾನು ಒಂದು ಚೀಟಿ ತೆಗೆದು ಮೊತ್ತ, ದಿನಾಂಕ ಬರೆಯುವುದು, ಮ್ಯಾನೇಜರು ಠಸ್ಸೆ ಹೊಡೆಯುವುದು, ಚಾಚಾ ಮರುದಿನ ಪಿಗ್ಮಿಗೆ ಹೋದಾಗ ಹಣ ಮನೆಬಾಗಿಲಿಗೆ ಮುಟ್ಟಿಸುವುದು. ಮೂರು ಮುಗಿದರೆ ಮತ್ತೆ ಮೂರು. ಗಿರಾಕಿಗಳು ಕೊಟ್ಟ ಮದುವೆ ಕಾಗದಗಳ ಲಕೋಟೆಗಳನ್ನು ಕೂಡಿಟ್ಟು, ಊರಿಗೊಂದರಂತೆ ಹೆಸರು ಬರೆದು, ಚೀಟಿಗಳನ್ನು ಅದರಲ್ಲಿ ಜೋಡಿಸಿಟ್ಟಿದ್ದೆ. ಇದು ಕಳ್ಳತನ ಅಂತ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಇದು ಸೇವೆ ಅಂತ ನನ್ನ ಲೆಕ್ಕ.

ವಿಲೀನಕ್ಕೆ ಮೊದಲು ದೊಡ್ಡ ಬ್ಯಾಂಕಿನಿಂದ ಒಬ್ಬ ಅಧಿಕಾರಿ ಪರಿಶೀಲನೆಗೆ ಬಂದರು. ಮೈಸೂರು ಕಡೆಯವರು, ವಯಸ್ಸು ಚಿಕ್ಕದು, ಮಾತು ಮೆತ್ತಗೆ. ಒಂದಿಡೀ ದಿನ ಮೂಲೆಯಲ್ಲಿ ಕುಳಿತು, ಒಂದು ವ್ಯವಹಾರಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಫೋನಿನಲ್ಲಿ ನೋಡಿ ಬರೆದುಕೊಂಡರು. ಸಂಜೆ ಚಹಾ ಹೊತ್ತಿಗೆ ನನ್ನ ಕೌಂಟರಿಗೆ ಬಂದು ಕೇಳಿದರು:

"ಮೇಡಂ, ಇಷ್ಟು ಕಡಿಮೆ ಜನ ಇಟ್ಟುಕೊಂಡು ಇಷ್ಟು ಬೇಗ ಹೇಗೆ ಕೆಲಸ ಮುಗಿಸುತ್ತೀರಿ? ನಮ್ಮ ಶಾಖೆಗಳಿಗೂ ಸ್ವಲ್ಪ ಹೇಳಿಕೊಡಿ."

ನಾನು ಉಬ್ಬಿಹೋದೆ. ಡ್ರಾಯರು ಎಳೆದು ಬೆಳ್ಳಟ್ಟಿಯ ಲಕೋಟೆ ತೆಗೆದು ಅವರ ಮುಂದೆ ಇಟ್ಟೆ. ಅವರು ಒಂದು ಚೀಟಿ ಹೊರತೆಗೆದು ಹಿಂದೆ ಮುಂದೆ ತಿರುಗಿಸಿದರು.

"ಇದರಲ್ಲಿ ಮೊತ್ತ ಬರೆದಿಲ್ಲವಲ್ಲ?"

"ಅದನ್ನ ಆಮ್ಯಾಲೆ ನಾನ ಬರೀತೀನ್ರಿ."

"ದಿನಾಂಕ?"

"ಅದೂ ನಾನರಿ."

"ಸಹಿ?"

"ಸಹಿ ಅವರದರಿ. ಸಹಿ ನಾ ಹೆಂಗ ಮಾಡ್ಲಿ?" ಅಂತ ನಾನು ನಕ್ಕೆ.

ಅವರು ನಗಲಿಲ್ಲ. ಚಹಾದ ಕಪ್ಪನ್ನು ಅರ್ಧಕ್ಕೇ ಕೆಳಗಿಟ್ಟರು. ಅವರ ಮುಖ ಬಿಳಿಚಿದ್ದನ್ನು ನೋಡಿ, ಚಹಾದಲ್ಲಿ ಏನಾದರೂ ಬಿದ್ದಿದೆಯೇನೋ ಅಂತ ನಾನು ಕಪ್ಪಿನೊಳಗೆ ಇಣುಕಿದೆ! ಅಷ್ಟು ಪೆದ್ದಿ ನಾನು.

"ಮೇಡಂ, ಇನ್ನು ಒಂದು ಮಾತೂ ಆಡಬೇಡಿ," ಅಂದರು. ಡ್ರಾಯರು ಮುಚ್ಚಿ, ಅದಕ್ಕೆ ಕಾಗದ ಅಂಟಿಸಿ, ಅದರ ಮೇಲೆ ಸಹಿ ಮಾಡಿ, ಮ್ಯಾನೇಜರನ್ನು ಕರೆದರು. ಮ್ಯಾನೇಜರು ಬಂದು ಡ್ರಾಯರನ್ನು ಜನ್ಮದಲ್ಲೇ ಮೊದಲ ಸಲ ನೋಡುವವರಂತೆ ನೋಡಿದರು.

"ನನಗ ಇದರ ಖಬರನ ಇಲ್ರಿ, ಸಾಹೇಬ್ರ," ಅಂದರು.

ಒಂದೊಂದು ಚೀಟಿಗೂ ಠಸ್ಸೆ ಹೊಡೆದ ಕೈ ಅದು. ಅವರಿಗೆ ಮಧ್ಯಾಹ್ನದ ಊಟಕ್ಕೆ ನನ್ನ ಡಬ್ಬಿಯಿಂದ ಪಲ್ಯ ಹಾಕಿಕೊಟ್ಟವಳು ನಾನು.

ಅಧಿಕಾರಿ ನನ್ನನ್ನು ಕೂರಿಸಿ, ಗದರದೆ, ಒಂದೊಂದೇ ಬಿಡಿಸಿ ಹೇಳಿದರು. ಗಿರಾಕಿ ಎದುರಿಗಿಲ್ಲದೆ ಅವರ ಖಾತೆಯಿಂದ ಹಣ ಹೋಗಿದೆ. ಹೋದ ಹಣ ಅವರಿಗೇ ಮುಟ್ಟಿದೆ ಅನ್ನುವುದಕ್ಕೆ ನಿಮ್ಮ ಮಾತು ಬಿಟ್ಟರೆ ಬೇರೆ ಏನಿದೆ?

"ನನ್ನ ಮಾತು ಸಾಲೂದಿಲ್ಲೇನ್ರಿ?" ಅಂದೆ.

"ಸಾಲುವುದಿಲ್ಲ, ಮೇಡಂ."

ನನಗೆ ಆ ಹುಡುಗನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಬೆಳ್ಳಟ್ಟಿಗೆ ಹೋಗಿ ನನ್ನ ಹೆಸರು ಹೇಳಿ ನೋಡು, ಕುಡಿಯಲು ನೀರಿನ ಬದಲು ಮಜ್ಜಿಗೆ ಕೊಡುತ್ತಾರೆ, ನಿನ್ನ ಬ್ಯಾಂಕಿನ ಹೆಸರು ಹೇಳಿದರೆ ಏನು ಕೊಡುತ್ತಾರೆ ಅಂತ ಕೇಳಬೇಕು ಅನಿಸಿತು. ಅವರು ಮುಂದುವರಿಸಿದರು: ನಾಡಿದ್ದು ಬೆಳ್ಳಟ್ಟಿ ಲಕೋಟೆಯ ಗಿರಾಕಿಗಳನ್ನು ಕರೆಸಿ ಕೇಳುತ್ತೇನೆ. ಚೀಟಿ ನಾವೇ ಕೊಟ್ಟಿದ್ದೇವೆ, ಹಣ ಬಂದಿದೆ ಅಂತ ಅವರು ಹೇಳಿದರೆ ಇದು ನಿಯಮ ಮೀರಿದ ಕೆಲಸ, ಎಚ್ಚರಿಕೆ ಕೊಟ್ಟು ಮುಗಿಸಬಹುದು. ಹಾಗೆ ಹೇಳದಿದ್ದರೆ ಪೊಲೀಸರಿಗೆ ದೂರು ಕೊಡಲೇಬೇಕಾಗುತ್ತದೆ. ಅಲ್ಲಿಯವರೆಗೆ ನೀವು ಅವರಲ್ಲಿ ಯಾರನ್ನೂ ಮಾತಾಡಿಸಕೂಡದು.

ಪೊಲೀಸರು ಅನ್ನುವ ಶಬ್ದ ಕೇಳಿ ಹೆದರಿದರೂ, ಮನೆಗೆ ಹೋಗುವ ಹೊತ್ತಿಗೆ ಧೈರ್ಯ ಬಂದಿತ್ತು. ಹೇಳಬೇಕಾದದ್ದು ಖರೇ ಮಾತು, ಹೇಳುವವರು ನಮ್ಮ ಜನ. ಒಂದು ಪೈಸೆ ಅತ್ತಿತ್ತ ಆಗಿಲ್ಲ. ಇನ್ನೇನು ಬೇಕು?

ಆ ದಿನ ಬೆಳಿಗ್ಗೆ ಬೆಳ್ಳಟ್ಟಿಯವರು ಟೆಂಪೋ ಮಾಡಿಕೊಂಡು ಬಂದರು. ಹೆಂಗಸರೆಲ್ಲ ಇಳಕಲ್ ಸೀರೆ ಉಟ್ಟಿದ್ದರು, ಗಂಡಸರು ಇಸ್ತ್ರಿ ಅಂಗಿ ತೊಟ್ಟಿದ್ದರು. ನನಗೆ ಕೌಂಟರಿನಲ್ಲಿ ಕೂರುವ ಹಾಗಿರಲಿಲ್ಲ. ಗಾಜಿನ ಕೋಣೆಯ ಬಾಗಿಲ ಬಳಿ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಆಡಿದ ಮಾತೆಲ್ಲ ಕೇಳುತ್ತಿತ್ತು.

ಮೊದಲು ಹಿಟ್ಟಿನ ಗಿರಣಿಯವನು ಹೋದ. ಅಧಿಕಾರಿ ಚೀಟಿ ತೋರಿಸಿದರು.

"ಈ ಸಹಿ ನಂದಲ್ರಿ," ಅಂದ ಅವನು. "ಖಾಲಿ ಚೀಟಿಗೆ ಸಹಿ ಮಾಡಾಕ ನಾ ಏನ್ ಹುಚ್ಚ ಅದೀನೇನು?"

ನನಗೆ ಕಿವಿ ಕೆಟ್ಟವೇನೋ ಅನಿಸಿತು. ಹೊರಬರುತ್ತ ಅವನು ನನ್ನ ಕಡೆ ನೋಡಿ, ಚಿಂತಿ ಬ್ಯಾಡ ಅನ್ನುವಂತೆ ಕಣ್ಣು ಮಿಟುಕಿಸಿದ. ಆಮೇಲೆ ಅಂಗನವಾಡಿಯಲ್ಲಿ ಅಡುಗೆ ಮಾಡುವ ಅಜ್ಜಿ ಹೋದಳು. ಆ ಅಜ್ಜಿಗೆ ಕೈ ಹಿಡಿದು, ಅಕ್ಷರ ಅಕ್ಷರ ತಿದ್ದಿಸಿ ಸಹಿ ಕಲಿಸಿದವಳೇ ನಾನು. ಮೊದಲ ಸಹಿ ಹಾಕಿದ ದಿನ ಅವಳು ನನ್ನ ಗಲ್ಲ ಸವರಿ ಲಟಿಕೆ ಮುರಿದಿದ್ದಳು.

"ಯಪ್ಪಾ, ನನಗ ಸಹಿ ಮಾಡಾಕ ಎಲ್ಲಿ ಬರ್ತೈತಿ? ಹೆಬ್ಬಟ್ಟ ಒತ್ತಾಕಿ ನಾನು," ಅಂದಳು ಅಜ್ಜಿ. ಮಸಿಯ ಪ್ಯಾಡು ತಾನೇ ಎಳೆದುಕೊಂಡು, ಹೇಳಿಕೆಯ ಕೆಳಗೆ ಹೆಬ್ಬೆಟ್ಟು ಒತ್ತಿದಳು.

ಮೂರನೆಯವಳೂ ಹಾಗೇ ಅಂದಳು. ನಾಲ್ಕನೆಯವನೂ. ಒಬ್ಬರ ಹಿಂದೆ ಒಬ್ಬರು ಒಳಗೆ ಹೋಗಿ, ಮುಖ ಗಂಟು ಹಾಕಿಕೊಂಡು ನನ್ನನ್ನು ಮುಳುಗಿಸಿ, ಹೊರಬರುವಾಗ ನನ್ನ ನೋಡಿ ಮುಗುಳುನಗುತ್ತಿದ್ದರು. ಬಾಗಿಲಾಚೆ ಚಾಚಾ ನಿಂತಿದ್ದರು. ಅವರೂ ನಗುತ್ತಿದ್ದರು. ಕೈಯೆತ್ತಿ ಎಲ್ಲ ಸುಸೂತ್ರ ಅನ್ನುವಂತೆ ಸನ್ನೆ ಮಾಡಿದರು. ಆಗ ನನಗೆ ಅರ್ಥವಾಯಿತು.

ನನಗೆ ಯಾರ ಜೊತೆಗೂ ಮಾತಾಡಬೇಡಿ ಅಂದಿದ್ದರು. ಚಾಚಾಗೆ ಯಾರೂ ಹಾಗೆ ಹೇಳಿರಲಿಲ್ಲ. ಅವರು ಹಿಂದಿನ ದಿನ ಬೆಳ್ಳಟ್ಟಿಯ ಮನೆಮನೆಗೂ ಹೋಗಿ, ಖಾಲಿ ಚೀಟಿಗೆ ಸಹಿ ಮಾಡಿಸಿಕೊಂಡದ್ದೇ ದೊಡ್ಡ ಗುನ್ಹೆಯಂತೆ, ಹೌದು ಅಂದಿರೋ ಅಕ್ಕಾರ ಕೆಲಸ ಹೋಗತೈತಿ, ನಾವು ಸಹಿ ಮಾಡೇ ಇಲ್ಲ ಅಂತ ಹೇಳ್ರಿ ಅಂದು ಬಂದಿದ್ದರು. ಜನ ಒಪ್ಪಿದ್ದರು. ನನ್ನ ಮೇಲಿನ ಪ್ರೀತಿಗೆ, ಕೂಲಿ ಬಿಟ್ಟು, ತಮ್ಮ ದುಡ್ಡಿನಲ್ಲಿ ಟೆಂಪೋ ಮಾಡಿಕೊಂಡು ಬಂದು, ಸರಕಾರಿ ಕಾಗದದಂಥ ಕಾಗದದ ಮೇಲೆ ಸುಳ್ಳು ಹೇಳುತ್ತಿದ್ದರು.

ಅಧಿಕಾರಿ ನನ್ನನ್ನು ಒಳಗೆ ಕರೆದರು. ಮೇಜಿನ ಮೇಲೆ ಚೀಟಿಗಳನ್ನು ಹರವಿದ್ದರು.

"ಯಾರ ಸಹಿಯೂ ಅವರದಲ್ಲವಂತೆ," ಅಂದರು. "ಹಾಗಾದರೆ ಈ ಸಹಿಗಳನ್ನು ಮಾಡಿದವರು ಯಾರು, ಮೇಡಂ?"

ಅಯ್ಯೋ ದೇವರೇ! ಏನು ಹೇಳಲಿ? ಅವರು ಹೇಳಿದ್ದು ಸುಳ್ಳು ಅಂದರೆ ಊರಿಗೆ ಊರೇ ಸುಳ್ಳುಬುರುಕರಾಗುತ್ತಾರೆ. ಖರೆ ಅಂದರೆ ಕಳ್ಳಸಹಿ ಮಾಡಿದವಳು ನಾನಾಗುತ್ತೇನೆ. ನನ್ನ ಮುಖ ನೋಡಿ ಬಾಗಿಲಲ್ಲಿದ್ದ ಚಾಚಾಗೂ ಹೊಳೆಯಿತು. "ಯಾ ಅಲ್ಲಾ, ನಾ ಏನ್ ಮಾಡಿಬಿಟ್ನಿ, ಅಕ್ಕಾರ!" ಅಂತ ತಲೆ ಹಿಡಿದುಕೊಂಡು ಅಲ್ಲೇ ಕುಸಿದು ಕೂತರು.

ಅಷ್ಟರಲ್ಲಿ ಕೊನೆಯ ಗಿರಾಕಿ ಓಡೋಡುತ್ತ ಬಂದಳು. ಬೆಳ್ಳಟ್ಟಿಯಲ್ಲಿ ಕಟಕ್ ರೊಟ್ಟಿ ಮಾಡಿ ಗದಗಿನ ಖಾನಾವಳಿಗಳಿಗೆ ಕೊಡುವ ಹೆಣ್ಣುಮಗಳು. ಟೆಂಪೋದಲ್ಲಿ ಬಂದಿರಲಿಲ್ಲ, ಹಿಂದಿನ ದಿನವೇ ರೊಟ್ಟಿಯ ಗಂಟು ತೆಗೆದುಕೊಂಡು ಗದಗಿಗೆ ಹೋದವಳು ಅಲ್ಲಿಯ ತಂಗಿಯ ಮನೆಯಲ್ಲಿದ್ದು, ಬ್ಯಾಂಕಿನಿಂದ ಫೋನು ಹೋದದ್ದಕ್ಕೆ ನೇರ ಶಿರಹಟ್ಟಿಗೆ ಬಂದಿದ್ದಳು. ಅಂದರೆ ಚಾಚಾ ಕಲಿಸಿದ ಪಾಠ ಅವಳಿಗೆ ಗೊತ್ತಿರಲಿಲ್ಲ. ಅಧಿಕಾರಿ ಅವಳ ಮುಂದೆ ಮೂರು ಚೀಟಿ ಇಟ್ಟರು. ಎರಡು ಖಾಲಿ, ಒಂದರಲ್ಲಿ ನನ್ನ ಅಕ್ಷರದಲ್ಲಿ ಎರಡು ವರ್ಷದ ಹಿಂದಿನ ದಿನಾಂಕ, ಹದಿನೆಂಟು ಸಾವಿರ ಅಂತ ಬರೆದಿತ್ತು.

"ಸಹಿ ನಂದ ಐತ್ರಿ," ಅಂದಳು ಅವಳು, ಒಂದಿಷ್ಟೂ ತಡವರಿಸದೆ. "ಮೂರೂ ನಾನ ಸಹಿ ಮಾಡಿ, ನನ್ನ ಕೈಯಾರೆ ಅಕ್ಕಾರಿಗೆ ಕೊಟ್ಟೀನಿ. ನಮ್ಮೂರಾಗ ಎಲ್ಲಾರೂ ಕೊಡ್ತಾರ. ಯಾರೂ ಜುಲುಮಿ ಮಾಡಿಲ್ಲ."

ನನಗೆ ಹೋದ ಜೀವ ಬಂದ ಹಾಗಾಯಿತು. ಎದ್ದು ಅವಳ ಕಾಲು ಮುಟ್ಟಿಬಿಡಲೇ ಅನಿಸಿತು.

"ಹಾಗಾದರೆ ಈ ಹದಿನೆಂಟು ಸಾವಿರ ನೀವೇ ತರಿಸಿಕೊಂಡಿರಾ?" ಅಧಿಕಾರಿ ಕೇಳಿದರು.

"ಇಲ್ರಿ," ಅಂದಳು. "ಅದನ್ನ ನಾ ಬೇಡಿಲ್ಲ. ನನ್ನ ಕೈಗೂ ಬಂದಿಲ್ಲ."

"ತಂಗೀ!" ಅಂತ ನಾನು ಕೂಗಿಬಿಟ್ಟೆ. "ಹಿಂಗ್ಯಾಕ ಅಂತೀ? ನಿಮ್ಮ ಮನಿಯವರು ಫೋನ್ ಮಾಡಿದ್ರಲ್ಲ! ಆಕೀ ಕೈಯಾಗ ಹಿಟ್ಟ ಐತಿ, ನನಗ ಹೇಳಂದಾಳ ಅಂತ. ಹಿಂದ ನೀ ರೊಟ್ಟಿ ಬಡಿಯೂ ಸಪ್ಪಳ ನನಗ ಕೇಳಸ್ತಿತ್ತು!"

ಅವಳು ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

"ಖರೆ ಐತ್ರಿ, ನಾ ರೊಟ್ಟಿ ಬಡೀತಿದ್ದೆ," ಅಂದಳು. "ಅಂವ ಕಟ್ಟಿ ಮ್ಯಾಲ ನಿಂತು ನನ್ನ ಫೋನ್ನಾಗ ನಿಮ್ಮ ಕೂಡ ಮಾತಾಡಾಕತ್ತಾನಂತ ನನಗೇನ ಗೊತ್ತು? ಒಂದ್ ಸಲ ಆಕೀ ಕೈಯಾಗ ಫೋನ್ ಕೊಡ್ರಿ ಅಂದಿದ್ರ ಆಗ್ತಿತ್ತು."

ಚಾಚಾ ನೆಲ ನೋಡುತ್ತ, ಅವಳು ಒಲೆ ಮುಂದೆ ಇದ್ದಾಳೆಂದು ಗಂಡ ಹೇಳಿದ್ದಕ್ಕೆ ಹಣವನ್ನು ಅವನ ಕೈಗೇ ಕೊಟ್ಟು ಬಂದೆ ಅಂತ ಒಪ್ಪಿಕೊಂಡರು. ಆ ಹಣದಲ್ಲಿ ಅವನು ಹಳೇ ಮೋಟರ್‌ಸೈಕಲ್ ಕೊಂಡಿದ್ದ. ಗಾಡಿ ತಗೊಂಡ ಖುಷಿಗೆ ಚಾಚಾನ ಕೈಯಲ್ಲಿ ಬ್ಯಾಂಕಿಗೆ ಪೇಢೆ ಕಳಿಸಿದ್ದ. ನಾನು ಎರಡು ತಿಂದಿದ್ದೆ. ಮೂರನೆಯದನ್ನು ಮನೆಗೂ ಒಯ್ದಿದ್ದೆ.

ಅವಳ ಮಾತಿನಿಂದಲೇ ನಾನು ಉಳಿದೆ. ಖಾಲಿ ಚೀಟಿ ಕೊಡುವುದು ಊರಿನ ರೂಢಿ ಅಂತ ಒಬ್ಬಳು ನಿಜ ಹೇಳಿದ ಮೇಲೆ, ಅಧಿಕಾರಿ ಉಳಿದವರನ್ನೂ ಮತ್ತೆ ಒಳಗೆ ಕರೆದರು. ಗಿರಣಿಯವನು ತಲೆ ಕೆರೆದುಕೊಂಡು ಸಹಿ ತನ್ನದೇ ಅಂದ. ಅಜ್ಜಿ ಅಳುತ್ತಳುತ್ತ ಹೆಬ್ಬೆಟ್ಟಿನ ಪಕ್ಕದಲ್ಲಿ ಸಹಿ ಮಾಡಿ ತೋರಿಸಿದಳು. ಕಳ್ಳಸಹಿಯ ಆರೋಪ ಬಿದ್ದುಹೋಯಿತು. ಹದಿನೆಂಟು ಸಾವಿರ ಗಂಡನ ಕೈ ಸೇರಿದ್ದು ಗೊತ್ತಾಗಿತ್ತು, ಅವಳೂ ದೂರು ಕೊಡಲಿಲ್ಲ, ಹೀಗಾಗಿ ಪೊಲೀಸರು ಬರಲಿಲ್ಲ. ವಿಲೀನಕ್ಕೆ ಮೊದಲೇ ತಾವಾಗಿ ನಿವೃತ್ತಿ ತೆಗೆದುಕೊಳ್ಳಿ ಅಂತ ನನಗೆ ಹೇಳಿದರು. ತೆಗೆದುಕೊಂಡೆ. ಮ್ಯಾನೇಜರು ಮಾತ್ರ ಹೊಸ ಬ್ಯಾಂಕಿನಲ್ಲಿ ಗಟ್ಟಿಯಾಗಿ ಕೂತರು. ಅವರಿಗೆ ಇವತ್ತಿಗೂ ಯಾವುದರ ಖಬರೂ ಇಲ್ಲ.

ನನಗೆ ಕೆಲಸ ಹೋದದ್ದು ಅಷ್ಟು ನೋಯಲಿಲ್ಲ. ಎಚ್ಚರಾದಾಗಲೆಲ್ಲ ಎದೆಯಲ್ಲಿ ಕೂರುತ್ತಿದ್ದದ್ದು ಆ ಹದಿನೆಂಟು ಸಾವಿರ. ಎರಡು ವರ್ಷ! ಆ ಎರಡು ವರ್ಷದಲ್ಲಿ ಅವಳು ಎಷ್ಟೋ ಸಲ ಬ್ಯಾಂಕಿಗೆ ಬಂದಿದ್ದಳು, ನನಗೆ ರೊಟ್ಟಿಯ ಪೊಟ್ಟಣ ತಂದುಕೊಟ್ಟಿದ್ದಳು, ಅರಾಮ ಅದೀರೇನ್ರಿ ಅಂತ ಕೇಳಿದ್ದಳು. ನಾನು ಸಭೆಯಲ್ಲಿ ಚಪ್ಪಾಳೆ ಹೊಡೆಸಿಕೊಂಡಿದ್ದೆ. ಆ ಮೈಸೂರಿನ ಹುಡುಗ ನಮ್ಮ ಊರಿನವನಲ್ಲ, ನಮ್ಮ ಜನ ಅವನಿಗೆ ಗೊತ್ತಿಲ್ಲ ಅಂತ ಬೈದುಕೊಂಡವಳು ನಾನು. ಜನ ನನಗೆ ಗೊತ್ತು ಅಂದುಕೊಂಡೇ ನಾನು ಅವಳನ್ನು ಕೇಳದೆ ಬಿಟ್ಟಿದ್ದೆ. ಆ ಅವಸರಕ್ಕೇ ನಾವು ದಕ್ಷತೆ ಅಂತ ಹೆಸರಿಟ್ಟಿದ್ದೆವು.

ನಿವೃತ್ತಿಯ ಹಣ ಕೈಗೆ ಬಂದ ವಾರ ಬೆಳ್ಳಟ್ಟಿಗೆ ಹೋದೆ. ಅವಳು ಪಡಸಾಲೆಯಲ್ಲಿ ರೊಟ್ಟಿ ಬಡಿಯುತ್ತ ಕೂತಿದ್ದಳು. ಗಂಡ ಮನೆಯಲ್ಲಿರಲಿಲ್ಲ.

"ಬರ್ರಿ ಅಕ್ಕಾರ, ಕುಂಡ್ರಿ," ಅಂದಳು. ಎಂದಿನ ದನಿಯೇ. ನೀರು ಕೊಟ್ಟಳು.

"ಎರಡ ವರ್ಷ ಯಾಕ ಸುಮ್ಮಕಿದ್ದಿ, ತಂಗಿ?" ಅಂತ ಕೇಳಿದೆ. "ನನ್ನ ಒಂದ ಮಾತ ಕೇಳಬಾರದಿತ್ತ?"

"ಪಾಸ್‌ಬುಕ್ಕಿನ್ಯಾಗ ನೋಡಿದ ದಿನ ಕೇಳಬೇಕಂತನ ಶಿರಹಟ್ಟಿಗೆ ಬಂದಿದ್ನಿ. ನೀವು ಗಿರಾಕಿ ಬಿಟ್ಟು ಎದ್ದು ಬಂದು, ನನಗ ಚಾ ತರಸಿದ್ರಿ. ಹೆಂಗ ಕೇಳ್ಲಿ? ಬ್ಯಾರೆ ಬ್ಯಾಂಕಿನವ್ರಾಗಿದ್ರ ಬಾಗಲದಾಗ ನಿಂತು ಜಗಳ ತಗೀತಿದ್ನಿ. ನೀವು ನಮ್ಮವ್ರು. ನಮ್ಮವರ್ನ ಹೆಂಗ ಕೇಳೂದ್ರಿ?"

ಅದು ರೊಟ್ಟಿ ಮಾಡುವ ಮಷೀನಿಗೆ ಅಂತ ಕೂಡಿಟ್ಟ ಹಣವಂತೆ. ಗದಗಿನಲ್ಲಿ ನೋಡಿ, ಮಾತಾಡಿ ಬಂದಿದ್ದಳಂತೆ. ತಪ್ಪಾತು ಅಂದೆ. ಅವಳು ಹೌದು ಅನ್ನಲಿಲ್ಲ, ಇರಲಿ ಬಿಡ್ರಿ ಅಂತಲೂ ಅನ್ನಲಿಲ್ಲ.

ಚೀಲದಿಂದ ಹಣ ತೆಗೆದು ಮುಂದಿಟ್ಟೆ. "ಇದು ಬ್ಯಾಂಕಿನದಲ್ಲ. ನಂದು. ತಗೋ," ಅಂದೆ. ಬೇಡ ಅನ್ನುತ್ತಾಳೆ, ನಾನು ಒತ್ತಾಯ ಮಾಡಿ ಕೊಡಬೇಕಾಗುತ್ತದೆ ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವಳು ಬೇಡ ಅನ್ನಲಿಲ್ಲ. ಕೈಗೆ ಹತ್ತಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಹಣ ತೆಗೆದುಕೊಂಡಳು.

ಇಪ್ಪತ್ತು ವರ್ಷಕ್ಕೂ ಮೇಲೆ ಆ ಊರಿಗೆ ಹಣ ಕೊಟ್ಟವಳು ನಾನು. ನನ್ನ ಕೈಯಿಂದ ಹೋದ ನೋಟನ್ನು ಬೆಳ್ಳಟ್ಟಿಯಲ್ಲಿ ಒಬ್ಬರೂ ಎಣಿಸಿದ್ದಿಲ್ಲ. ಎಣಿಸಿಕೊಳ್ರಿ ಅಂದರೆ, ನೀವು ಕೊಟ್ಟ ಮ್ಯಾಲೆ ಏನ್ರಿ ಎಣಸೂದು ಅಂತ ನಕ್ಕು ಸೆರಗಿಗೆ ಗಂಟು ಹಾಕಿಕೊಂಡು ಹೋಗುತ್ತಿದ್ದರು.

ಅವಳು ಹೆಬ್ಬೆರಳು ಒದ್ದೆ ಮಾಡಿಕೊಂಡು, ನನ್ನ ಎದುರಿಗೇ, ಒಂದೊಂದೇ ನೋಟು ಎಣಿಸಿದಳು. ಮುಗಿದ ಮೇಲೆ ಕಟ್ಟು ತಿರುಗಿಸಿ, ಮೊದಲಿನಿಂದ ಇನ್ನೊಮ್ಮೆ ಎಣಿಸಿದಳು.

"ಬರೋಬರಿ ಐತ್ರಿ, ಅಕ್ಕಾರ," ಅಂದಳು.